ಸಣ್ಣ ಕಚೇರಿಯ ನೆಟ್‌ವರ್ಕ್‌ಗೆ ಯಾವ ಸಾಧನ?

ಪ್ರಶ್ನೆ: ಹತ್ತು ಕಂಪ್ಯೂಟರ್, ಎರಡು ಪ್ರಿಂಟರ್‌ಗಳಿರುವ ನಮ್ಮ ಕಚೇರಿಗೆ ಕಡಿಮೆ ಖರ್ಚಿನಲ್ಲಿ ಬಾಳಿಕೆ ಬರುವ ನೆಟ್‌ವರ್ಕ್ ಸಾಧನಗಳನ್ನು ಆರಿಸುವುದು ಹೇಗೆ?

ಉತ್ತರ: ನಿಮಗೆ 16 ಪೋರ್ಟ್‌ಗಳ, ಫ್ಯಾನ್ ಇಲ್ಲದ ಸಾಮಾನ್ಯ ಗಿಗಾಬಿಟ್ ಸ್ವಿಚ್ (ಕಂಪ್ಯೂಟರ್, ಪ್ರಿಂಟರ್‌ಗಳನ್ನು ಕೇಬಲ್ ಮೂಲಕ ಒಂದಕ್ಕೊಂದು ಜೋಡಿಸುವ ಸಾಧನ) ಸಾಕು, ಅತಿಥಿಗಳ ಸಂಪರ್ಕವನ್ನೋ ಕ್ಯಾಮೆರಾಗಳನ್ನೋ ಪ್ರತ್ಯೇಕ ಜಾಲದಲ್ಲಿ ಇರಿಸುವ ಉದ್ದೇಶವಿದ್ದರೆ ಮಾತ್ರ, ಹಾಗೆ ಜಾಲವನ್ನು ವಿಭಜಿಸುವ ವಿಎಲ್ಯಾನ್ ಸೌಲಭ್ಯವುಳ್ಳ ಸ್ವಿಚ್‌ಗೆ ಹೆಚ್ಚಿನ ಹಣ ಕೊಡಿ. ಕೇಬಲ್ ವಿಷಯದಲ್ಲಿ ಉಳಿತಾಯ ಬೇಡ. ತಾಮ್ರದ ಲೇಪನವಷ್ಟೇ ಇರುವ ಅಲ್ಯೂಮಿನಿಯಂ ತಂತಿ ಅಗ್ಗವಾಗಿ ಸಿಗುತ್ತದೆಯಾದರೂ ಅದರ ವಿದ್ಯುತ್ ರೋಧ ಹೆಚ್ಚು, ಬಾಗಿಸಿದಲ್ಲಿ ಬೇಗ ಮುರಿಯುತ್ತದೆ. ಆದ್ದರಿಂದ ಶುದ್ಧ ತಾಮ್ರದ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲನ್ನೇ ಕೇಳಿ ಪಡೆಯಿರಿ, ಒಂದೊಂದು ಕೇಬಲ್‌ನ ಉದ್ದವೂ 100 ಮೀಟರ್ ಮೀರದಿರಲಿ. ರೂಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವೇಗದ ಅಂಕಿಗಳಿಗಿಂತ (ಅವು ಬಹುಮಟ್ಟಿಗೆ ಜಾಹೀರಾತಿನ ಮಾತು) ತಯಾರಕರು ಭದ್ರತಾ ಅಪ್‌ಡೇಟ್‌ಗಳನ್ನು ಎಷ್ಟು ವರ್ಷ ಒದಗಿಸುತ್ತಾರೆ ಎಂಬುದನ್ನು ವಿಚಾರಿಸಿ.