ಮೊದಲು ಆ ದುಭಾಷಿ ಹುಡುಗನ ದುಡ್ಡು

ಈ ವಾರಕ್ಕೆ ಬೇರೆ ಪತ್ರಕ್ಕೆ ಉತ್ತರ ಬರೆದಿಟ್ಟಿದ್ದೆ. ಅತ್ತೆ, ಸೊಸೆ, ಒಂದು ಫ್ರಿಜ್ಜು. ಅವರಿಬ್ಬರೂ ಇನ್ನೊಂದು ವಾರ ಜಗಳ ಆಡಿಕೊಂಡಿರಲಿ. ಕಾಂಬೋಡಿಯಾದಿಂದ ಬಂದ ಪತ್ರವೊಂದು ನನ್ನ ನಿದ್ದೆ ಕೆಡಿಸಿದೆ.

ಬರೆದವರು ಮಲ್ಪೆಯವರು, 33 ವರ್ಷ. ನಾಲ್ಕು ವರ್ಷದಿಂದ ಸಿಯೆಂ ರೀಪ್ ಪೇಟೆಯಲ್ಲಿ ಕೋಣೆ ಹಿಡಿದು ಫ್ರೀಲಾನ್ಸ್ ಪತ್ರಕರ್ತೆ ಆಗಿದ್ದಾರೆ. ಅಂಕೋರ್ ದೇವಸ್ಥಾನ ನೋಡಲು ಬರುವವರಿಗಾಗಿ ಪ್ರವಾಸ ಲೇಖನ ಬರೆದು ಹೊಟ್ಟೆಪಾಡು. ಉಳಿದ ಹೊತ್ತಿನಲ್ಲಿ ಟೋನ್ಲೆ ಸಾಪ್ ಸರೋವರದ ಮೀನುಗಾರರ ಬಗ್ಗೆ ಪರಿಸರ ವರದಿ. ಊರಲ್ಲಿ ಅಮ್ಮ ಒಬ್ಬರೇ. ಮಂಗಳೂರಿನ ಒಂದು ಕಾಲೇಜು ಪತ್ರಿಕೋದ್ಯಮ ಪಾಠ ಮಾಡಲು ಕರೆದಿದೆ, ತಿಂಗಳೊಳಗೆ ಉತ್ತರ ಹೇಳಬೇಕು. ಬರಲಾ, ಅಲ್ಲೇ ಇರಲಾ ಎಂದು ಪ್ರಶ್ನೆ.

ಸರೋವರದ ಬಗ್ಗೆ ನೀವು ಬರೆದ ಎರಡು ಪುಟವನ್ನು ನಾನು ಎರಡು ಸಲ ಓದಿದೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿದಾಗ, ಸರೋವರದಿಂದ ಹೊರಗೆ ಹೋಗುತ್ತಿದ್ದ ಹೊಳೆ ತಿರುಗಿ ಒಳಕ್ಕೆ ಹರಿಯುತ್ತದಂತೆ! ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇದ್ದ ನೀರು ಆಗ 15,000ದ ಹತ್ತಿರ ಹೋಗುತ್ತದೆ. ಮುಳುಗಿದ ಕಾಡಿನೊಳಗೆ ಮೀನಿನ ಮರಿಗಳು ಬೆಳೆಯುತ್ತವೆ. ಈಗ ಮೇಲಿನ ದೇಶಗಳ ಅಣೆಕಟ್ಟು ಒಂದು ಕಡೆ, ಕೈಕೊಡುವ ಮಳೆ ಇನ್ನೊಂದು ಕಡೆ. ಹೊಳೆ ತಡವಾಗಿ ತಿರುಗುತ್ತದೆ, ಬಲೆಗೆ ಮೀನು ಕಮ್ಮಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಟ್ಟಿ ಕೂರುವ ಊರಲ್ಲಿ ಹುಟ್ಟಿದ ನಿಮಗಲ್ಲದೆ ಇನ್ಯಾರಿಗೆ ಆ ಜನರ ಕಷ್ಟ ಗೊತ್ತಾಗಬೇಕು? ಇಷ್ಟು ಹೊಗಳಿಕೆ ಸಾಕು.

ಮೂರನೇ ಪುಟದ ಕೊನೆಯಲ್ಲಿ, ಬ್ರಾಕೆಟ್ಟಿನೊಳಗೆ ಒಂದು ಸಾಲು ಇದೆ. "ನನ್ನ ದುಭಾಷಿಗೆ ಎರಡು ಟ್ರಿಪ್ಪಿನ ದುಡ್ಡು ಬಾಕಿ ಇದೆ, ಪಾಪ ಅವನು ಕೇಳುವುದಿಲ್ಲ."

ಕೇಳುವುದಿಲ್ಲವಾ? ಏನು ಮಾರಾಯ್ತಿ ಇದು!

ನಾನು ಬ್ಯಾಂಕಿನ ಕೌಂಟರಿನಲ್ಲಿ 28 ವರ್ಷ ಕೂತವಳು. ಲೆಕ್ಕ ಕಂಡರೆ ಕೈ ಸುಮ್ನೆ ಇರುವುದಿಲ್ಲ. ಅವನಿಗೆ ದಿನಕ್ಕೆ 60 ಡಾಲರ್, ಎರಡು ಟ್ರಿಪ್ಪು ಸೇರಿ 11 ದಿನ. ಒಟ್ಟು 660. ಆ ಎರಡು ಟ್ರಿಪ್ಪಿನಿಂದ ನೀವು ಬರೆದ ಎರಡು ವರದಿಗೆ ಸಿಗಬೇಕಾದದ್ದು 700. ಅದರಲ್ಲೂ ಅರ್ಧ ಬಂದಿಲ್ಲ, ಪ್ರಕಟವಾದ ಮೇಲೆ ಕೊಡುತ್ತೇವೆ ಎಂದು ಸಂಪಾದಕರು ಐದು ತಿಂಗಳಿಂದ ಕಾಯಿಸುತ್ತಿದ್ದಾರೆ. ಅಂದರೆ ನಿಮ್ಮ ಪರಿಸರ ವರದಿಗೆ ಬಂಡವಾಳ ಹಾಕಿದ್ದು ಆ ಹುಡುಗ. ಅವನಿಗೆ ಹೇಳದೆ, ಬಡ್ಡಿ ಇಲ್ಲದೆ.

ಅವನು ಬರೀ ಮಾತು ದಾಟಿಸಿದವನಾ? ಕಂಬದ ಮೇಲೆ ಕಟ್ಟಿದ ಆ ಮೀನುಗಾರರ ಮನೆಗಳ ಬಾಗಿಲು ತೆರೆದದ್ದು ಅವನ ಮುಖ ನೋಡಿ. ಲೇಖನದ ಕೆಳಗೆ ಹೆಸರು ನಿಮ್ಮದು. ನಾಳೆ ಏನಾದರೂ ಎಡವಟ್ಟಾದರೆ ನಿಮ್ಮ ಕೈಯಲ್ಲಿ ಪಾಸ್‌ಪೋರ್ಟ್ ಇದೆ, ಅವನು ಅಲ್ಲೇ ಇರಬೇಕು. 2024ರ ಜುಲೈನಲ್ಲಿ ಅಲ್ಲಿನ ಕೋರ್ಟು 'ಮದರ್ ನೇಚರ್ ಕಾಂಬೋಡಿಯಾ' ಎಂಬ ಪರಿಸರ ಸಂಘಟನೆಯ 10 ಮಂದಿಗೆ 6ರಿಂದ 8 ವರ್ಷ ಜೈಲು ವಿಧಿಸಿತು. ಇದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು.

ನಾನು ಚಿಕ್ಕವಳಿದ್ದಾಗ ಕಾಪು ಕಡಲ ತಡಿಯಲ್ಲಿ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವುದನ್ನು ನೋಡಲು ಹೋಗುತ್ತಿದ್ದೆ. ಆಟಕ್ಕೆಂದು ಹಗ್ಗಕ್ಕೆ ಕೈ ಹಾಕಿದರೆ ನನಗೂ ನಾಲ್ಕು ಬೂತಾಯಿ ಮೀನು ಕೊಡುತ್ತಿದ್ದರು. ಕೇಳಬೇಕಾಗಿಯೇ ಇರಲಿಲ್ಲ. ನಿಮ್ಮ ಅಮ್ಮನ ಹತ್ತಿರ ಕೇಳಿ, ನೆನಪಿರುತ್ತದೆ.

ಇನ್ನು ನಿಮ್ಮ ಭಾವ. ಕುವೈತಿನಲ್ಲಿದ್ದುಕೊಂಡು ಫ್ಯಾಮಿಲಿ ಗ್ರೂಪಿನಲ್ಲಿ "ಊರು ಸುತ್ತಲಿಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳುವ ಮಹಾನುಭಾವರು. ನೀವು ನಗುವ ಮುಖದ ಚಿತ್ರ ಹಾಕಿ ಮಾತು ಮುಗಿಸಿದ್ದೀರಿ. ನಾನು ಮುಗಿಸುವುದಿಲ್ಲ. ಅವರಿಗೆ ಹೆದರಿ ತಾನೇ ನೀವು ಸೂರ್ಯೋದಯದ ಫೋಟೋ ಹಾಕುವುದು, ಹೋಟೆಲಿನವರು ಪುಕ್ಕಟೆ ಕೊಟ್ಟ ರೂಮಿನ ಫೋಟೋ ಹಾಕುವುದು? ಆ ಫೋಟೋ ನೋಡಿ ಅಮ್ಮ ಮಗಳು ಸುಖವಾಗಿದ್ದಾಳೆ ಅಂದುಕೊಂಡರು. ಕೈ ಖಾಲಿ ಎಂದು ಮನೆಯಲ್ಲಿ ಹೇಳಲು ಬಾಯಿ ಬಾರದೆ, ಕೇಳದವನ ಹತ್ತಿರ ಬಾಕಿ ಉಳಿಸಿಕೊಂಡಿರಿ. ಭಾವನವರು ಇದನ್ನು ಓದುವುದಾದರೆ ಓದಲಿ. ನಾನು ಅವರ ಫ್ಯಾಮಿಲಿ ಗ್ರೂಪಿನಲ್ಲಿ ಇಲ್ಲ.

ಇಲ್ಲಿ ಯಾವತ್ತೂ ಹೇಳುವುದನ್ನೇ ಹೇಳುತ್ತೇನೆ. ನೋಟ್ ಪುಸ್ತಕ ತೆಗೆಯಿರಿ, ಪೆನ್ನಿನಲ್ಲಿ ಬರೆಯಿರಿ. ಮೊಬೈಲಿನಲ್ಲಿ ಬೇಡ. ಎಡಗಡೆ ಬಂದದ್ದು, ಬಲಗಡೆ ಕೊಡಬೇಕಾದದ್ದು. ಬಲಗಡೆಯ ಮೊದಲ ಸಾಲಿನಲ್ಲಿ ಅವನ ಹೆಸರು.

ಒಟ್ಟಿಗೆ ಆಗದಿದ್ದರೆ ಪಿಗ್ಮಿ ಕಟ್ಟಿದ ಹಾಗೆ ಸ್ವಲ್ಪ ಸ್ವಲ್ಪವೇ ಕೊಡಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಶುರು ಮಾಡಿದ್ದು ದಿನಕ್ಕೆ ಎರಡಾಣೆಯಿಂದ. ನಿಮ್ಮಿಂದ ವಾರಕ್ಕೆ 50 ಡಾಲರ್ ಆಗುವುದಿಲ್ಲವಾ? ಮೊದಲ ಕಂತು ಈ ಶುಕ್ರವಾರವೇ, ಕೈಯಲ್ಲಿ, "ತಡ ಮಾಡಿದ್ದು ನನ್ನ ತಪ್ಪು" ಎಂದು ಹೇಳಿ. ಮುಂದೆ ಯಾವ ಸಂಪಾದಕರಿಗೆ ವಿಷಯ ಕಳಿಸಿದರೂ ದುಭಾಷಿಯ ಖರ್ಚನ್ನು ಬೇರೆ ಸಾಲಿನಲ್ಲಿ ಬರೆದು ಮುಂಗಡ ಕೇಳಿ. ಪುಲಿಟ್ಜರ್ ಸೆಂಟರ್, ಅರ್ತ್ ಜರ್ನಲಿಸಂ ನೆಟ್‌ವರ್ಕ್‌ನಂಥವರು ವರದಿಗಾರಿಕೆಗೆ ಅನುದಾನ ಕೊಡುತ್ತಾರೆ, ಅರ್ಜಿಯ ಬಜೆಟ್ಟಿನಲ್ಲೂ ಅವನನ್ನು ಸೇರಿಸಿ.

ಕಾಲೇಜಿನ ಕೆಲಸವಾ? ಅದಕ್ಕೆ ಈಗ ಉತ್ತರ ಕೊಡುವುದಿಲ್ಲ. ಅವನ ಪಾಲು ಕಳೆದ ಮೇಲೂ ಎಡಗಡೆ ಏನಾದರೂ ಉಳಿಯುತ್ತದಾ ಎಂದು ಪುಸ್ತಕ ಹೇಳಲಿ. ಕಾಲೇಜಿನವರ ಹತ್ತಿರ ಹದಿನೈದು ದಿನ ಜಾಸ್ತಿ ಕೇಳಿ, ಕೊಡುತ್ತಾರೆ. ಅಮ್ಮನಿಗೆ ಭಾನುವಾರ ಫೋನ್ ಮಾಡಿ. ಭಾವ ಲೈನಿನಲ್ಲಿ ಇಲ್ಲದ ಹೊತ್ತು ನೋಡಿ.