ಬಯಾಲಜಿ ಮೇಡಂಗೆ ಗಣಿತದ ಹುಚ್ಚು

ಪ್ರಶ್ನೆ: ನನಗೆ 48 ವರ್ಷ. ಅನುದಾನಿತ ಪ್ರೌಢಶಾಲೆಯಲ್ಲಿ 22 ವರ್ಷದಿಂದ ಸಿಬಿಝೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕಿ. ಹೋದ ವರ್ಷ ನಮ್ಮ ಗಣಿತದ ಮೇಷ್ಟ್ರು ನಿವೃತ್ತರಾದರು. ಹುದ್ದೆ ಖಾಲಿ ಉಳಿಯಿತು. ಎಂಟು, ಒಂಬತ್ತನೇ ಕ್ಲಾಸಿನ ಗಣಿತವನ್ನು ಎಚ್.ಎಂ. ನನ್ನ ತಲೆಗೆ ಕಟ್ಟಿದರು. ಮೊದಲ ತಿಂಗಳು ಹೆದರಿ ರಾತ್ರಿ ಅತ್ತಿದ್ದೇನೆ. ಈಗ ಯಾರೂ ಹೇಳದಿದ್ದರೂ ಬೆಳಗ್ಗೆ ನಾಲ್ಕೂವರೆಗೆ ಎದ್ದು ಲೆಕ್ಕ ಮಾಡುತ್ತೇನೆ. ಎರಡರ ವರ್ಗಮೂಲವನ್ನು ಭಿನ್ನರಾಶಿಯಾಗಿ ಬರೆಯೋಕೆ ಯಾಕೆ ಆಗೋದಿಲ್ಲ ಅಂತ ಹೊಳೆದ ದಿನ ಒಲೆ ಮೇಲಿದ್ದ ಹಾಲು ಉಕ್ಕಿಹೋಯಿತು. "ಈ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿಗೆ ಕಟ್ತೀಯಾ?" ಅಂತ ಮನೆಯವರು ನಗುತ್ತಾರೆ. ಬೋರ್ಡಿನಲ್ಲಿ ನಾನು ಬಿಟ್ಟಿದ್ದ ಮೈನಸ್ ಚಿಹ್ನೆಯನ್ನು ಒಬ್ಬ ಹುಡುಗ ತೋರಿಸಿದಾಗ ನನಗೆ ಖುಷಿಯಾಯಿತು. ಸ್ಟಾಫ್ ರೂಮಿನಲ್ಲಿ "ಮರ್ಯಾದೆ ಹೋಯ್ತು" ಅಂದರು. ಈಗ ಪಿಸಿಎಂ (ಭೌತ, ರಸಾಯನ, ಗಣಿತ) ಅತಿಥಿ ಶಿಕ್ಷಕಿ ಬರುತ್ತಾರಂತೆ. ಹೊರೆ ಇಳಿಯಿತು ಅನ್ನಿಸಬೇಕಿತ್ತು, ಹೊಟ್ಟೆ ಉರಿಯುತ್ತಿದೆ. ಗಣಿತ ನನಗೇ ಇರಲಿ ಅಂತ ಎಚ್.ಎಂ. ಅವರನ್ನು ಕೇಳಲೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಮೇಡಂ,

ಮೊದಲು ಹಾಲಿನ ವಿಷಯ. ಹಾಲು ಉಕ್ಕಿದ್ದಕ್ಕೆ ನಿಮಗೆ ಬೇಜಾರಾಗಿಲ್ಲ ಅನ್ನೋದು ಕಾಗದದಲ್ಲೇ ಗೊತ್ತಾಗುತ್ತದೆ. ಒಂದು ಸಂಖ್ಯೆ, ಇನ್ನು ಭಾಗಿಸೋಕೆ ಬರದ ಭಿನ್ನರಾಶಿ ಅಂತ ಒಪ್ಪಿಕೊಂಡು ಹೊರಟು, ಮೇಲಿನದೂ ಸಮಸಂಖ್ಯೆ, ಕೆಳಗಿನದೂ ಸಮಸಂಖ್ಯೆ ಆಗಿಬಿಟ್ಟು, 'ಇನ್ನು ಭಾಗಿಸೋಕೆ ಬರಲ್ಲ ಅಂದಿದ್ದೆಯಲ್ಲಾ' ಅಂತ ನಮ್ಮ ಮಾತೇ ನಮಗೆ ಅಡ್ಡ ನಿಲ್ಲೋದು ಇದೆಯಲ್ಲ, ಅದು ಕಂಡ ದಿನ ಯಾರ ಹಾಲಾದರೂ ಉಕ್ಕಬೇಕು. ನಿಮ್ಮ ಮನೆಯವರಿಗೂ ಒಂದು ಸಂಜೆ ಅದನ್ನೇ ವಿವರಿಸಿ. ಅರ್ಥವಾದರೆ ಒಳ್ಳೆಯದು. ಆಗದಿದ್ದರೆ ನಗೋದನ್ನಾದರೂ ನಿಲ್ಲಿಸುತ್ತಾರೆ.

ಮೈನಸ್ ಚಿಹ್ನೆ ತೋರಿಸಿದ ಹುಡುಗನ ಬಗ್ಗೆ ಸ್ಟಾಫ್ ರೂಮ್ ಏನು ಬೇಕಾದರೂ ಹೇಳಿಕೊಳ್ಳಲಿ. ಅವನು ಬೋರ್ಡನ್ನು ಸುಮ್ನೆ ನಕಲು ಮಾಡದೆ ಲೆಕ್ಕ ಮಾಡುತ್ತಾ ಕೂತಿದ್ದ. ಅಂಥವನು ಒಂದು ಕ್ಲಾಸಿನಲ್ಲಿ ಎಷ್ಟು ಜನ ಇರುತ್ತಾರೆ, ನಿಮಗೇ ಗೊತ್ತಲ್ವಾ?

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಕೇಳಬೇಡಿ. ಬರುವವರಿಗೆ ಕ್ಲಾಸು ಬಿಟ್ಟುಕೊಡಿ. ಅತಿಥಿ ಶಿಕ್ಷಕಿ ಅಂದರೆ ಕಡಿಮೆ ಸಂಬಳ, ಮುಂದಿನ ವರ್ಷ ಇರ್ತಾರೋ ಇಲ್ವೋ ಅನ್ನೋ ಆತಂಕ. ಅವರಿಗೆ ಸಿಗೋ ಪೀರಿಯಡ್‌ಗಳ ಮೇಲೆ ಸೀನಿಯರ್ ಮೇಡಂ ಕೈ ಇಡೋದು ಚೆನ್ನಾಗಿರಲ್ಲ. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಹೊಸದಾಗಿ ಕಲಿತವರು ತಮಗೆ ಹೊಳೆದ ಒಂದೇ ದಾರಿಯಲ್ಲಿ ಎಲ್ಲರನ್ನೂ ನಡೆಸಿಕೊಂಡು ಹೋಗುತ್ತಾರೆ. ಆ ದಾರಿಯಲ್ಲಿ ಬರಲಾಗದ ಮಗುವಿಗೆ ಇನ್ನೆರಡು ದಾರಿ ತೋರಿಸೋಕೆ ಆ ವಿಷಯದಲ್ಲಿ ಪಳಗಿದವರು ಬೇಕು. ನಿಮಗಿರೋ ಅನುಕೂಲ ಬೇರೆ: ಎಲ್ಲೆಲ್ಲಿ ಎಡವಿದಿರಿ ಅನ್ನೋದು ನಿಮಗಿನ್ನೂ ನೆನಪಿದೆ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಹೊಸ ಮೇಡಂ ಕೈಗೆ ಕೊಡಿ. ಹೊಟ್ಟೆಯುರಿ ಅರ್ಧ ಅಲ್ಲೇ ಇಳಿಯುತ್ತದೆ.

ಉಳಿದ ಅರ್ಧದ ಕಾರಣ ಬೇರೆ ಇರಬೇಕು. ನಿಮ್ಮ ಕಾಗದದ ತುಂಬಾ ಗಣಿತವೇ ಇದೆ. 22 ವರ್ಷ ಪಾಠ ಮಾಡಿದ ಬಯಾಲಜಿಗೆ ಅದರಲ್ಲಿ ಸಿಕ್ಕಿದ್ದು 'ಸಿಬಿಝೆಡ್ ಶಿಕ್ಷಕಿ' ಅನ್ನೋ ಎರಡು ಪದ. ಮೂತ್ರಪಿಂಡದ ನೆಫ್ರಾನ್ ಚಿತ್ರವನ್ನು ಕಣ್ಣು ಮುಚ್ಚಿ ಬಿಡಿಸುವಷ್ಟು ರೂಢಿಯಾಗಿದೆ, ಪಾಠ ತಾನಾಗೇ ಬಾಯಿಗೆ ಬರುತ್ತದೆ. ಗಣಿತ ಕೈಬಿಟ್ಟು ಹೋಗುತ್ತೆ ಅನ್ನೋದಕ್ಕಿಂತ, ಮತ್ತೆ ಆ ಬಾಯಿಪಾಠಕ್ಕೆ ವಾಪಸ್ ಹೋಗಬೇಕು ಅನ್ನೋ ಭಯವೇ ಜಾಸ್ತಿ ಇರಬಹುದಾ? ನನ್ನ ಊಹೆ ತಪ್ಪಿದ್ದರೆ ಬಯ್ದುಬಿಡಿ.

ಹಾಗಾದರೆ ಆನುವಂಶಿಕತೆಯ ಮೆಂಡೆಲ್ ಪಾಠವನ್ನು ಈ ಸಲ ಗಣಿತದ ಬಾಗಿಲಿಂದ ಹೊಕ್ಕು ನೋಡಿ. ಮಠದ ಸನ್ಯಾಸಿಯಾಗಿದ್ದ ಅವರೂ ಮೇಷ್ಟ್ರೇ. 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಫೇಲಾದರು. ಮಠದವರು ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿ ಭೌತಶಾಸ್ತ್ರ, ಗಣಿತ ಕಲಿತು ಬಂದು ಮತ್ತೆ ಪಾಠ ಮಾಡುತ್ತಾ, 1856ರಿಂದ ಮಠದ ತೋಟದಲ್ಲಿ ಬಟಾಣಿ ಬೆಳೆದರು. ಎಲೆ, ಹೂವು, ಕಾಯಿಗಳನ್ನು ನೋಡಿ ವರ್ಣಿಸಿದವರು ಅವರಿಗೂ ಮೊದಲು ಬೇಕಾದಷ್ಟು ಜನ ಇದ್ದರು. ಇವರು ಕೂತು ಎಣಿಸಿದರು. ಎರಡನೇ ಪೀಳಿಗೆಯಲ್ಲಿ ದುಂಡು ಬೀಜ 5,474, ಸುಕ್ಕು ಬೀಜ 1,850. ಭಾಗಿಸಿದರೆ 2.96. ನಾವು ಮಕ್ಕಳ ಕೈಲಿ 'ಮೂರಕ್ಕೆ ಒಂದು' ಅಂತ ಬರೆಸಿ ಮುಂದೆ ಹೋಗುತ್ತೇವೆ. ಸರಿಯಾಗಿ ಮೂರು ಯಾಕೆ ಬರಲಿಲ್ಲ ಅಂತ ಈ 22 ವರ್ಷದಲ್ಲಿ ಯಾವ ಮಗುವಾದರೂ ಕೇಳಿದೆಯಾ? ನೀವು ಕೇಳಿಕೊಂಡಿದ್ದೀರಾ?

ಮಾಡಿ ನೋಡೋಕೆ ಲ್ಯಾಬ್ ಬೇಡ. ಚೌಕಾಬಾರಕ್ಕೆ ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡ್ತೀವಲ್ಲ, ಅಂಥವು ಸಾಕು. ಪ್ರತಿ ಮಗುವಿಗೆ ಎರಡು ಬೀಜ: ಒಂದು ಬಟಾಣಿಗೆ ತಾಯಿ ಗಿಡದಿಂದ ಬಂದ ಗುಣ, ಇನ್ನೊಂದು ತಂದೆ ಗಿಡದಿಂದ ಬಂದದ್ದು ಅಂದುಕೊಳ್ಳಿ. ಕಪ್ಪು ಮಗ್ಗುಲು ಒಂದಾದರೂ ಮೇಲೆ ಬಂದರೆ ದುಂಡು, ಎರಡೂ ಬಿಳಿ ಆದರೆ ಸುಕ್ಕು. ನಲವತ್ತು ಮಕ್ಕಳು ಹತ್ತತ್ತು ಸಲ ಎಸೆದರೆ ನಾನೂರು ಎಸೆತ. ಲೆಕ್ಕದ ಪ್ರಕಾರ ಮುನ್ನೂರು ದುಂಡು, ನೂರು ಸುಕ್ಕು ಬರಬೇಕು. ಬರಲ್ಲ. ಹುಣಸೆ ಬೀಜ ನಾಣ್ಯದ ಹಾಗಲ್ಲ, ಕೆಲವು ಒಂದೇ ಕಡೆ ಮಗುಚಿಕೊಳ್ಳುತ್ತವೆ. ವ್ಯತ್ಯಾಸ ಬಂದದ್ದು ಬೀಜದ ದೋಷದಿಂದಲೋ, ಎಸೆದದ್ದು ಕಡಿಮೆಯಾಗಿಯೋ ಅಂತ ಜಗಳ ಶುರುವಾಗುತ್ತದೆ. ಆ ಮೈನಸ್ ಹುಡುಗ ಖಂಡಿತ ಬಾಯಿ ಹಾಕುತ್ತಾನೆ. ಅದೇ ಬೀಜಗಳನ್ನು ನಾಣ್ಯಗಳ ಜೊತೆ ಹೋಲಿಸೋಕೆ ಹೇಳಿ. ಸಂಭವನೀಯತೆ ಪಾಠಕ್ಕೂ ಆಯಿತು. ಹೊಸ ಮೇಡಂನೂ ಕರೆಯಿರಿ, ಒಟ್ಟಿಗೇ ಮಾಡಿ.

ಬೆಳಗಿನ ನಾಲ್ಕೂವರೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಅದಕ್ಕೆ ಎಚ್.ಎಂ. ಅಪ್ಪಣೆ ಬೇಕಿಲ್ಲ, ಟೈಮ್‌ಟೇಬಲ್ಲಿನಲ್ಲಿ ಅದು ಇರೋದೂ ಇಲ್ಲ. ಹತ್ತನೇ ಕ್ಲಾಸಿನ ಪುಸ್ತಕ ಮುಗಿದರೆ ಪಿಯುಸಿಯದ್ದು ತರಿಸಿಕೊಳ್ಳಿ. ಹಾಲು ಇಟ್ಟಾಗ ಒಲೆ ಸಣ್ಣ ಮಾಡಿಕೊಳ್ಳಿ.

ನಾನೂರರಲ್ಲಿ ದುಂಡು ಎಷ್ಟು, ಸುಕ್ಕು ಎಷ್ಟು ಬಂತು ಅಂತ ಬರೆಯಿರಿ.