ಕೋವಿಗೆ ಹಂದಿ ನೆಣದ ಎಣ್ಣೆ: ತುಕ್ಕು ಬಂದದ್ದೇಕೆ?

ಪ್ರಶ್ನೆ: ನಮ್ಮಲ್ಲಿ ಹಿರಿಯರ ಕಾಲದ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ, ಕೇಪು ಎಂಬ ಸಣ್ಣ ಸಿಡಿಮದ್ದಿನ ಟೋಪಿಯಿಂದ ಹೊತ್ತಿಸುವ ಬಂದೂಕು) ಇದೆ. ಕಳೆದ ಕೈಲ್ ಮುಹೂರ್ತದ (ಕೊಡಗಿನ ಆಯುಧಪೂಜೆಯ ಹಬ್ಬ) ದಿನ ಪಂದಿ ಕರಿಯ (ಹಂದಿ ಸಾರು) ಮೇಲೆ ತೇಲಿದ ಜಿಡ್ಡನ್ನು ಸೋಸಿ, ನಳಿಗೆಗೂ ಕುದುರೆಗೂ (ಕೇಪಿಗೆ ಬಡಿಯುವ ಸುತ್ತಿಗೆ) ಹಚ್ಚಿಟ್ಟಿದ್ದೆ. ಈಗ ಹೊರತೆಗೆದರೆ ಕಮಟು ವಾಸನೆ, ಹಿತ್ತಾಳೆಗೆ ಹಸಿರು ಕಿಲುಬು, ನಳಿಗೆಯೊಳಗೆ ತುಕ್ಕು. ಪ್ರಾಣಿ ಕೊಬ್ಬು ಹಚ್ಚಲೇಬಾರದೇ? (ವಿರಾಜಪೇಟೆಯ ಓದುಗರು)

ಉತ್ತರ: ಹಚ್ಚಬಹುದು, ಆದರೆ ಕರಿಯ ಜಿಡ್ಡನ್ನಲ್ಲ. ಅದರಲ್ಲಿ ಉಪ್ಪೂ ಇದೆ, ಕಾಚಂಪುಳಿಯೂ (ಕೊಡಗಿನ ಕಪ್ಪು ಹುಳಿರಸ) ಇದೆ; ಕಬ್ಬಿಣ ತಿನ್ನಲು ಇನ್ನೇನು ಬೇಕು! ಮೊದಲು ಗಜವನ್ನು (ಮದ್ದು ಜಡಿಯುವ ಕೋಲು) ನಳಿಗೆಗಿಳಿಸಿ ಆಳ ಗುರುತು ಹಾಕಿಕೊಳ್ಳಿ. ಅದನ್ನು ಹೊರಗಡೆ ನಳಿಗೆಯ ಉದ್ದಕ್ಕೆ ಹಿಡಿದಾಗ ಬುಡದ ತನಕ ಬರದಿದ್ದರೆ ಒಳಗೆ ಹಳೇ ಈಡು (ತುಂಬಿದ ಮದ್ದುಗುಂಡು) ಕೂತಿರಬಹುದು. ಆಗ ಮುಂದುವರಿಯದೆ ಬಂದೂಕು ರಿಪೇರಿಯವರಿಗೆ ತೋರಿಸಿ.

ಎಣ್ಣೆಗೆ ಸಾಕಿದ ಹಂದಿಯ ಮೂತ್ರಪಿಂಡದ ಸುತ್ತಲಿನ ಬಿಳಿ ನೆಣವೇ ಒಳ್ಳೆಯದು. (ಕಾಡುಹಂದಿಯದು ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.) ಒಂದು ಕಿಲೋ ನೆಣದಿಂದ ಮಾಂಸದ ಎಳೆ, ರಕ್ತದ ಕಲೆ ಪೂರ್ತಿ ತೆಗೆದು, ಕಡಲೆ ಗಾತ್ರಕ್ಕೆ ಹೆಚ್ಚಿ, ಸ್ಟೀಲ್ ಪಾತ್ರೆಯಲ್ಲಿ ಅರ್ಧ ಲೋಟ ನೀರಿನೊಂದಿಗೆ ಸಣ್ಣ ಉರಿಯಲ್ಲಿಡಿ. ತಾಮ್ರದ ಪಾತ್ರೆ ಕೂಡದು. ತಾಮ್ರ ತಾಗಿದ ಕೊಬ್ಬು ಬೇಗ ಕಮಟುತ್ತದೆ. ಒಂದೂವರೆ ಎರಡು ಗಂಟೆಯಲ್ಲಿ ಗುಳ್ಳೆ ನಿಂತು ಚರಟ ತಳಕ್ಕಿಳಿಯುತ್ತದೆ. ಹೊಗೆಯಾಡಲು ಬಿಟ್ಟರೆ ಎಣ್ಣೆ ಕಂದಾಗುತ್ತದೆ, ಅಂಟಾಗುತ್ತದೆ. ಬಟ್ಟೆಯಲ್ಲಿ ಸೋಸಿ ತಣಿಸಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಕೆಡುವುದೂ ಇಲ್ಲೇ. ತಣಿದ ನೆಣಕ್ಕೆ ಅಷ್ಟೇ ನೀರು ಸೇರಿಸಿ ಹತ್ತು ನಿಮಿಷ ಕುದಿಸಿ, ಆರಲು ಬಿಡಿ. (ಬಿಸಿ ಎಣ್ಣೆಗೆ ನೀರು ಸುರಿಯಬೇಡಿ, ಉಕ್ಕಿ ಮೈಮೇಲೆ ಬೀಳುತ್ತದೆ.) ಬೆಳಗ್ಗೆ ಮೇಲೆ ಗಟ್ಟಿಯಾದ ಬಿಲ್ಲೆಯನ್ನೆತ್ತಿ, ಅಡಿಗೆ ಅಂಟಿದ ಕಂದು ಲೋಳೆಯನ್ನು ಚಾಕುವಿನಿಂದ ಹೆರೆದು ಎಸೆಯಿರಿ. ಲೋಳೆ ಕಾಣದಾಗುವವರೆಗೆ ಎರಡು ಮೂರು ಸಲ ಹೀಗೆ ತೊಳೆಯಬೇಕು. ಕೊನೆಗೆ 110 ಡಿಗ್ರಿಯ ಹತ್ತಿರ ಕಾಯಿಸಿ ನೀರಿನಂಶ ಓಡಿಸಿ. ಬಿಸಿ ಕಾವಲಿಯ ಮೇಲೆ ಒಂದು ಹನಿ ಬಿಟ್ಟಾಗ ಚಟಚಟ ಎನ್ನಬಾರದು.

ಇದು ಇನ್ನೂ ನೆಣವೇ. ಕುದುರೆಯ ಕೀಲಿಗೆ, ಸ್ಪ್ರಿಂಗಿಗೆ ತಿಳಿ ಎಣ್ಣೆ ಬೇಕು, ಇಲ್ಲದಿದ್ದರೆ ಚಳಿಗೆ ಹೆಪ್ಪುಗಟ್ಟಿ ಕುದುರೆ ನಿಧಾನವಾಗುತ್ತದೆ. ಡಿಸೆಂಬರದ ಚಳಿಯಲ್ಲಿ ರಾತ್ರಿಯಿಡೀ ಹೊರಗಿಟ್ಟರೆ ನೆಣ ರವೆಯಂತೆ ಹರಳುಗಟ್ಟುತ್ತದೆ. ಅದನ್ನು ದಪ್ಪ ಹತ್ತಿಬಟ್ಟೆಯಲ್ಲಿ ಕಟ್ಟಿ, ತಂಪಿನಲ್ಲೇ ಭಾರ ಹೇರಿದರೆ ತಿಳಿ ಎಣ್ಣೆ ಇಳಿಯುತ್ತದೆ. ಗಡಿಬಿಡಿಯಲ್ಲಿ ಹಿಂಡಿದರೆ ಗಟ್ಟಿ ಭಾಗವೂ ಬರುತ್ತದೆ. ಕತ್ತು ತುಂಬ ತುಂಬಿದ ಕಂದು ಗಾಜಿನ ಬಾಟಲಿಯಲ್ಲಿಡಿ, ವಾಸನೆ ತಿರುಗಿದ ದಿನವೇ ಚೆಲ್ಲಿ. ಕಮಟಿದ ಎಣ್ಣೆಯ ಆಮ್ಲವೇ ನಿಮ್ಮ ಹಿತ್ತಾಳೆಗೆ ಕಿಲುಬು ತಂದದ್ದು.

ನಳಿಗೆಗಿಳಿಸುವಾಗ ಗುಂಡಿಗೆ ಸುತ್ತುವ ಬಟ್ಟೆಗೆ ಹಚ್ಚುವುದಾದರೆ ಹಂದಿ ನೆಣ ಮೆದುವಾಯಿತು, ಕುರಿ ಕೊಬ್ಬು ಮೇಲು. ಮೂರು ಪಾಲು ಕೊಬ್ಬಿಗೆ ಒಂದು ಪಾಲು ಜೇನುಮೇಣ, ಬೇಸಿಗೆಗೆ ಎರಡಕ್ಕೆ ಒಂದು.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ತೇವದಲ್ಲಿ ಒಮ್ಮೆ ಹಚ್ಚಿ ಮರೆತರೆ ಯಾವ ನೆಣವೂ ಕಾಯದು. ಮೂರು ವಾರಕ್ಕೊಮ್ಮೆ ಒರೆಸಿ ಹೊಸದಾಗಿ ಹಚ್ಚಬೇಕು. ಅಷ್ಟು ಪುರುಸೊತ್ತಿಲ್ಲದವರಿಗೆ ಅಂಗಡಿಯ ಗನ್ ಆಯಿಲ್ಲೇ ವಾಸಿ. ಈಡು ತುಂಬುವ ಮುನ್ನ ಅದನ್ನು ಚೆನ್ನಾಗಿ ಒರೆಸಿ ತೆಗೆಯಿರಿ, ಕಪ್ಪು ಮದ್ದಿನ ಮಸಿ ಅದರೊಂದಿಗೆ ಸೇರಿದರೆ ಡಾಂಬರಿನಂತಾಗುತ್ತದೆ.

ಪ್ರಶ್ನೆ: ಎಣ್ಣೆ ಹಚ್ಚಿದ ಮೇಲೆ ಕೇಪು ಸಿಡಿದರೂ ಮದ್ದು ಹೊತ್ತುವುದಿಲ್ಲವಲ್ಲ?

ಉತ್ತರ: ಎಣ್ಣೆ ಹೆಚ್ಚಾಗಿ ಕೇಪಿನ ಕೆಳಗಿನ ತೂತಿಗೆ ಇಳಿದಿದೆ. ನಳಿಗೆ ಕೆಳಮುಖವಾಗಿ ನಿಲ್ಲಿಸಿಡಿ. ಈಡು ತುಂಬುವ ಮುನ್ನ ಒಣಬಟ್ಟೆ ಎಳೆದು, ಖಾಲಿ ಕೋವಿಯ ಬಾಯನ್ನು ಹುಲ್ಲಿನತ್ತ ಹಿಡಿದು ಒಂದು ಕೇಪು ಸಿಡಿಸಿ. ಹುಲ್ಲು ಅಲುಗಿದರೆ ದಾರಿ ತೆರೆದಿದೆ; ಅಲುಗದಿದ್ದರೆ ಸಣ್ಣ ತಂತಿಯಿಂದ ತೂತು ಬಿಡಿಸಿಕೊಳ್ಳಿ.